ಎಳೆಯೋದಲ್ಲ, ನಿಲ್ಲಿಸೋದು ಕಷ್ಟ: ಬಾದಾಮಿಯ ಕುದುರೆಯಿಂದ ಹೆದ್ದಾರಿಯ ಟ್ರೇಲರ್‌ವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿ ಹಾಗೇ ಉಳಿಸಿಕೊಂಡು, ಓದೋಕೆ ಅನುಕೂಲ ಆಗೋ ಹಾಗೆ ಅಲ್ಲಲ್ಲಿ ತಿದ್ದಲಾಗಿದೆ.)

ಬಸ್ಸಿನಲ್ಲಿದ್ದೀರೋ, ಹೊಲದ ಬದುವಿನ ಮೇಲೆ ಕೂತಿದ್ದೀರೋ, ಇಯರ್‌ಫೋನ್ ಒಂದು ಸಲ ಸರಿ ಮಾಡ್ಕೊಳ್ಳಿ. ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ವಾಯ್ಸ್ ಮೆಸೇಜ್‌ನಿಂದ. ಇಳಕಲ್ ಕಡೆಯ ಕೇಳುಗರೊಬ್ಬರು ಕಳಿಸಿದ್ದು. "ಕುದುರಿಗಾಡಿ ಶರ್ಯತ್ತಿಗೆ ಎರಡು ಕುದುರಿ ಒಯ್ಯಬೇಕ್ರೀ. ಒಂದು ಟ್ರೇಲರ್ ಮಾಡಿಸೋಣು ಅಂತ ಮಾಡೀವಿ. ಎಳಿಯಾಕ ಯಾವ ಗಾಡಿ ಚಲೋ? ಮನ್ಯಾಗ ಟ್ರ್ಯಾಕ್ಟರ್ ಐತಿ, ಅದು ನಡೀತದೇನು?"

ನಮ್ಮದು ಇತಿಹಾಸದ ಪಾಡ್‌ಕಾಸ್ಟ್, ಗ್ಯಾರೇಜ್ ಅಲ್ಲ. ಆದರೆ ಈ ಪ್ರಶ್ನೆಯನ್ನ ಎರಡು ದಿನ ತಲೆಯಲ್ಲಿ ಇಟ್ಕೊಂಡು ತಿರುಗಿದ ಮೇಲೆ ಅನ್ನಿಸಿತು, ಬಾಗಲಕೋಟೆ ಜಿಲ್ಲೆಯಲ್ಲಿ ಇದನ್ನ ಕೇಳದ ಕಾಲವೇ ಇಲ್ಲ. ಯಾವ ಭಾರಕ್ಕೆ ಯಾವುದನ್ನ ಕಟ್ಟಬೇಕು? ಚಾಲುಕ್ಯರ ಕಾಲದಲ್ಲೂ ಕೇಳಿರಬೇಕು, ಕಬ್ಬಿನ ಸೀಸನ್‌ನಲ್ಲಿ ಇವತ್ತೂ ಕೇಳಬೇಕು. ಕೇಳದೆ ಇದ್ದರೆ ಏನಾಗುತ್ತೆ ಅನ್ನೋದಕ್ಕೂ ಬರ್ತೀನಿ.

ಮೊದಲು ಬಾದಾಮಿಗೆ ಹೋಗೋಣ.

ಬಾದಾಮಿಯ ಕೋಟೆ ಗುಡ್ಡದ ಬಂಡೆಯ ಮೇಲೆ ಒಂದು ಸಣ್ಣ ಸಂಸ್ಕೃತ ಶಾಸನ ಇದೆ. ಶಕ ವರ್ಷ 465, ಅಂದರೆ ಕ್ರಿ.ಶ. 543. ಒಂದನೇ ಪುಲಕೇಶಿಯದು. ವಾತಾಪಿಯ ಗುಡ್ಡವನ್ನ ಕೋಟೆ ಮಾಡಿದ್ದನ್ನೂ, ಅವನು ಅಶ್ವಮೇಧ ಮಾಡಿದ್ದನ್ನೂ ಅದು ಹೇಳುತ್ತೆ. ಗುಹೆ ನೋಡೋಕೆ ಹೋದವರಲ್ಲಿ ಹೆಚ್ಚಿನವರು ಈ ಬಂಡೆಯ ಕಡೆ ಹೋಗೋದೇ ಇಲ್ಲ. ನಮ್ಮ ಕಥೆಗೆ ಮಾತ್ರ ಇದೇ ಮೊದಲ ಮೈಲಿಗಲ್ಲು. ಯಾಕಂದ್ರೆ ಅಶ್ವಮೇಧದಲ್ಲಿ ಕುದುರೆಯನ್ನ ಯಾರೂ ಎಳ್ಕೊಂಡು ಹೋಗಲ್ಲ. ಕುದುರೆ ಮುಂದೆ, ಸೈನ್ಯ ಹಿಂದೆ. ಅದು ಎಲ್ಲಿಗೆ ನಡೆದರೆ ಅಲ್ಲಿಗೆ ಇವರು.

ಯಜ್ಞದ ಕುದುರೆ ಬಿಡಿ, ಮಾಮೂಲಿ ಕುದುರೆಗಳ ಪಾಡೂ ಅಷ್ಟೇ. ಸಾವಿರಾರು ವರ್ಷ ಕುದುರೆ ಒಂದು ಊರಿಂದ ಇನ್ನೊಂದು ಊರಿಗೆ ಹೋಗಿದ್ದು ತನ್ನ ಕಾಲ ಮೇಲೇ. ಅದನ್ನ ಗಾಡಿಗೆ ಹೇರಬೇಕು ಅನ್ನೋ ಯೋಚನೆಯೇ ತಮಾಷೆಯಾಗಿ ಕಂಡಿರುತ್ತೆ. ಎಳೆಯೋ ಪ್ರಾಣಿಯನ್ನೇ ಎಳೆಯೋದಾ?

ಈಗ ಹುನಗುಂದ ತಾಲ್ಲೂಕಿಗೆ ಬನ್ನಿ, ಐಹೊಳೆಗೆ. ಐಹೊಳೆ ಅಂದ ತಕ್ಷಣ ದುರ್ಗಾ ಗುಡಿಯ ಸೆಲ್ಫಿ ನೆನಪಾಗುತ್ತೆ. ಆದರೆ ಮಧ್ಯಕಾಲದಲ್ಲಿ ಈ ಊರಿನ ಹೆಸರು ದಕ್ಷಿಣ ಭಾರತದಲ್ಲೆಲ್ಲ ಓಡಾಡಿದ್ದು ವ್ಯಾಪಾರದಿಂದ. ಅಯ್ಯಾವೊಳೆ ಐನೂರ್ವರು, ಅಂದರೆ ಐಹೊಳೆಯ ಐನೂರು ಮಂದಿಯ ವರ್ತಕರ ಸಂಘ. ಇವರ ಶಾಸನಗಳು ತಮಿಳುನಾಡಿನಲ್ಲಿವೆ, ಶ್ರೀಲಂಕಾದಲ್ಲಿವೆ. ಶಿಕಾರಿಪುರ ಕಡೆಯ 11ನೇ ಶತಮಾನದ ಒಂದು ಶಾಸನ ಇವರ ಸರಕಿನ ಪಟ್ಟಿ ಕೊಡುತ್ತೆ: ಆನೆ, ಜಾತಿ ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ. ಆ ಪಟ್ಟಿಯಲ್ಲಿ ಕರ್ಪೂರಕ್ಕೆ ಬೆನ್ನು ಬೇಕು. ಕತ್ತೆ, ಕೋಣ, ಎತ್ತು, ಇಲ್ಲಾ ಮನುಷ್ಯನ ಹೆಗಲು. ಕುದುರೆಗೆ ಮಾತ್ರ ಏನೂ ಬೇಡ, ಅದು ನಡೆಯುವ ಸರಕು.

ನಡೆಯುವ ಸರಕು ಅಂದರೆ ಖರ್ಚು ಕಡಿಮೆ ಅನ್ಕೋಬೇಡಿ. ದೊಡ್ಡ ಜಾತಿಯ ಕುದುರೆಗಳು ಅರಬ್ ಮತ್ತು ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಬರ್ತಿದ್ದವು. ಭಟ್ಕಳ, ಹೊನ್ನಾವರ, ಗೋವೆ. ಅಲ್ಲಿಂದ ಘಟ್ಟ ಹತ್ತಿ ಮೇಲಕ್ಕೆ. ಹಡಗಿನಲ್ಲೇ ಎಷ್ಟೋ ಸಾಯ್ತಿದ್ದವು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ 16ನೇ ಶತಮಾನದಲ್ಲಿ ಬರೆದಿಟ್ಟ ಒಂದು ಸಂಗತಿ ಕೇಳಿ. ವಿಜಯನಗರದ ಸಾಳುವ ನರಸಿಂಹ ಒಂದು ಸಾವಿರ ಪರದಾವ್‌ಗೆ ಮೂರು ಕುದುರೆಯ ಹಾಗೆ ಕೊಳ್ತಿದ್ದನಂತೆ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ಮಾತ್ರ ತಂದು ತೋರಿಸಿದರೆ ಸಾಕು, ದುಡ್ಡು ಕೈಗೆ!

ನನಗೆ ಈ ಬಾಲದ ಲೆಕ್ಕ ತುಂಬ ಇಷ್ಟ. ಇವತ್ತಿನ ಭಾಷೆಯಲ್ಲಿ ಅದು ಟ್ರಾನ್ಸಿಟ್ ಇನ್ಶೂರೆನ್ಸ್. ಕುದುರೆಯ ಬೆಲೆಯಲ್ಲಿ ದೊಡ್ಡ ಪಾಲು ಕುದುರೆಯದ್ದಲ್ಲ, ದಾರಿಯದ್ದು ಅಂತ ಆ ರಾಜನಿಗೆ ಗೊತ್ತಿತ್ತು.

ಹಾಗಾದ್ರೆ ಕುದುರೆಯನ್ನ ಗಾಡಿಯಲ್ಲಿ ಹತ್ತಿಸಿದ್ದು ಯಾವಾಗ? ಇದಕ್ಕೆ ಸ್ವಲ್ಪ ಹೊತ್ತು ಜಿಲ್ಲೆ ಬಿಟ್ಟು, ದೇಶ ಬಿಟ್ಟು ಹೋಗಬೇಕು. 1836, ಇಂಗ್ಲೆಂಡ್. ಲಾರ್ಡ್ ಜಾರ್ಜ್ ಬೆಂಟಿಂಕ್ ಅಂತ ಒಬ್ಬ ಶ್ರೀಮಂತ, ರೇಸಿನ ಹುಚ್ಚು. ಅವನ ಕುದುರೆ ಎಲಿಸ್ ದಕ್ಷಿಣದ ಗುಡ್‌ವುಡ್‌ನಲ್ಲಿತ್ತು. ಸೇಂಟ್ ಲೆಜರ್ ರೇಸ್ ಉತ್ತರದ ಡಾಂಕಾಸ್ಟರ್‌ನಲ್ಲಿ. ನಡುವೆ ಹತ್ತಿರ ಹತ್ತಿರ 400 ಕಿಲೋಮೀಟರ್. ರೇಸ್ ಕುದುರೆ ನಡೆದೇ ಹೋಗಬೇಕಿದ್ದ ಕಾಲ ಅದು, ದಿನಕ್ಕೆ 25-30 ಕಿಲೋಮೀಟರ್ ಅಂದರೂ ಎರಡು ವಾರ. ರೇಸಿಗೆ ಒಂದು ವಾರ ಇರುವಾಗಲೂ ಎಲಿಸ್ ಗುಡ್‌ವುಡ್‌ನಲ್ಲೇ ನಿಂತಿದೆ ಅನ್ನೋ ಸುದ್ದಿ ಬಾಜಿಕಟ್ಟೆಗೆ ಮುಟ್ಟಿತು. ಇನ್ನು ಈ ಕುದುರೆ ಬರೋದಿಲ್ಲ ಅಂತ ಬುಕ್ಕಿಗಳು ಅದರ ಮೇಲಿನ ದರ ಏರಿಸಿಬಿಟ್ಟರು. ಬೆಂಟಿಂಕ್‌ಗೆ ಬೇಕಾಗಿದ್ದೂ ಅದೇ. ಅವನು ಒಳಗೆಲ್ಲ ಮೆತ್ತೆ ಹೊಡೆಸಿದ ದೊಡ್ಡ ಪೆಟ್ಟಿಗೆಯಂಥ ಗಾಡಿಯೊಂದನ್ನ ಗುಟ್ಟಾಗಿ ಮಾಡಿಸಿಟ್ಟಿದ್ದ. ಅದರೊಳಗೆ ಎಲಿಸ್, ಜೊತೆಗೆ ಇನ್ನೊಂದು ಕುದುರೆ. ಎಳೆಯೋಕೆ ಆರು ಕುದುರೆ, ಹಂತ ಹಂತಕ್ಕೆ ಬದಲಿಸುತ್ತ. ಮೂರೇ ದಿನದಲ್ಲಿ ಡಾಂಕಾಸ್ಟರ್. ಕಾಲು ದಣಿಯದೆ ಬಂದ ಎಲಿಸ್ ರೇಸ್ ಗೆದ್ದಿತು, ಬೆಂಟಿಂಕ್ ದುಡ್ಡು ಗೆದ್ದ.

ಎರಡು ಕುದುರೆ ಒಳಗೆ, ಆರು ಕುದುರೆ ಹೊರಗೆ. ಕುದುರೆ ಸಾಗಿಸೋ ಗಾಡಿಗಳಲ್ಲಿ ಪ್ರಸಿದ್ಧವಾದ ಮೊದಲನೆಯದು ಇದು, ಅದರ "ಟೋಯಿಂಗ್ ವೆಹಿಕಲ್" ಕೂಡ ಕುದುರೆಯೇ. ಆಮೇಲೆ ರೈಲು ಬಂತು, ರೈಲಿಗೆ ಕುದುರೆ ಡಬ್ಬಿ ಬಂತು. ನಮ್ಮ ಬಾಗಲಕೋಟೆ, ಬಾದಾಮಿಗಳ ಮೇಲೆ ಹಾದುಹೋಗುವ ಹೊಟಗಿ-ಗದಗ ಮೀಟರ್‌ಗೇಜ್ ಹಳಿ ಬಿದ್ದದ್ದು 1880ರ ದಶಕದಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜೀಪ್, 1948ರಲ್ಲಿ ಲ್ಯಾಂಡ್ ರೋವರ್. ಇಂಗ್ಲೆಂಡಿನ ರೈತ ಅದರ ಹಿಂದೆ ಕುದುರೆ ಟ್ರೇಲರ್ ಸಿಕ್ಕಿಸಿದ. ನಮ್ಮಲ್ಲೂ ಮಹೀಂದ್ರಾದವರು ಜೀಪ್ ಜೋಡಿಸಿ ಮಾರತೊಡಗಿದರು. ಆದರೆ ನಮ್ಮ ಹಳ್ಳಿಗಳಲ್ಲಿ ಜೀಪಿನ ಹಿಂದೆ ಟ್ರೇಲರ್ ಬರಲಿಲ್ಲ, ಒಳಗೆ, ಹಿಂದೆ, ಟಾಪಿನ ಮೇಲೆ ಜನ ಬಂದರು.

ಇಲ್ಲಿ ಒಂದು ಮಾತು. ಕುದುರೆ ನಮ್ಮ ಕಡೆ ಪೂರ್ತಿ ಮಾಯ ಆಗಿಲ್ಲ. ಸುಗ್ಗಿ ಮುಗಿದ ಮೇಲೆ ಹುನಗುಂದದ ಎರೆ ಹೊಲಗಳಲ್ಲಿ ಕುರಿ ತರುಬುವವರನ್ನ ನೋಡಿ. ಹಿಂಡಿನ ಹಿಂದೆ ಒಂದು ಗಿಡ್ಡ ಕುದುರೆ, ಅದರ ಬೆನ್ನ ಮೇಲೆ ಪಾತ್ರೆ, ಕಂಬಳಿ, ಬಲೆ, ಕೆಲವೊಮ್ಮೆ ಆಗಷ್ಟೇ ಹುಟ್ಟಿದ ಮರಿ. ಅವರಿಗೆ ಕುದುರೆಯೇ ಗಾಡಿ.

ಇನ್ನು ಎಳೆಯೋ ವಿದ್ಯೆ. ಇದರಲ್ಲಿ ನಾವು ಯಾರ ಹತ್ತಿರವೂ ಕಲಿಯಬೇಕಾಗಿಲ್ಲ, ನಮ್ಮ ಚಕ್ಕಡಿ ಸಾಕು.

ಚಕ್ಕಡಿ ಹೇರೋವಾಗ ಹಿರಿಯರು ಒಂದು ಮಾತು ಹೇಳ್ತಾರೆ, ನಿಮ್ಮ ಅಜ್ಜನೂ ಹೇಳಿರ್ತಾರೆ: "ಮುಂಬಾರ ನೋಡಿ ಹೇರಪಾ." ಮುಂಬಾರ, ಹಿಂಬಾರ. ಎರಡೇ ಗಾಲಿಯ ಬಂಡಿ ಅಂದ್ರೆ ತಕ್ಕಡಿ ಇದ್ದ ಹಾಗೆ. ಭಾರ ಹಿಂದಕ್ಕೆ ಜಾಸ್ತಿ ಆದರೆ ನೊಗ ಮೇಲಕ್ಕೆ ಎದ್ದು ಕೊರಳ ಪಟ್ಟಿ ಎತ್ತಿನ ಗಂಟಲು ಹಿಡಿಯುತ್ತೆ. ಮುಂದಕ್ಕೆ ಜಾಸ್ತಿ ಆದರೆ ನೊಗ ಹೆಗಲಲ್ಲಿ ಕೂತು ಎತ್ತು ಹೆಜ್ಜೆ ಕೀಳೋದಿಲ್ಲ. ನೊಗದ ಮೇಲೆ ಸ್ವಲ್ಪ, ಸ್ವಲ್ಪವೇ ಭಾರ ಕೂರಬೇಕು. ಇವತ್ತು ಕಾರಿನ ಹಿಂದೆ ಟ್ರೇಲರ್ ಕಟ್ಟೋ ಎಂಜಿನಿಯರ್‌ಗಳು ಹುಕ್ಕಿನ ಮೇಲೆ ಕೂರುವ ಭಾರವನ್ನ ಕಿಲೋ ಲೆಕ್ಕದಲ್ಲಿ ಅಳೀತಾರೆ. ಕುದುರೆ ಟ್ರೇಲರ್‌ಗೆ ಸಾಮಾನ್ಯವಾಗಿ ಒಟ್ಟು ತೂಕದ ಹತ್ತನೇ ಒಂದು ಭಾಗದ ಆಸುಪಾಸು, ಗಾಡಿಯ ಮಿತಿ ಇನ್ನೂ ಕಡಿಮೆ ಇದ್ದರೆ ಅದಕ್ಕೆ ತಕ್ಕ ಹಾಗೆ. ಅದು ಕಡಿಮೆ ಆದರೆ ವೇಗ ಏರಿದಾಗ ಟ್ರೇಲರ್ ಬಾಲ ಅಲ್ಲಾಡಿಸಿದ ಹಾಗೆ ಎಡಬಲಕ್ಕೆ ತೂಗಾಡುತ್ತೆ. ಒಮ್ಮೆ ಆ ತೂಗಾಟ ಹಿಡಿದರೆ ಮುಂದಿನ ಗಾಡಿಯನ್ನೂ ರಸ್ತೆಯಿಂದ ಎಳೆದು ಹಾಕುತ್ತೆ. ಅಜ್ಜನ ಮುಂಬಾರ, ಅಷ್ಟೇ.

ಎಳೆಯೋ ಪ್ರಾಣಿಯ ಆಯ್ಕೆಯೂ ಹಾಗೇ. ಕೃಷ್ಣಾ ತೀರದಲ್ಲಿ ಎರಡು ಹೆಸರಾಂತ ತಳಿ. ಒಂದು ಕಿಲಾರಿ: ಉದ್ದ ಕೊಂಬು, ತೆಳು ಮೈ, ಚುರುಕು ಕಾಲು. ದಾರಿ ಮೇಲೆ ಬಂಡಿ ಓಡಿಸೋಕೆ, ಬನಶಂಕರಿ ಜಾತ್ರೆಗೆ ಮನೆಮಂದಿಯನ್ನ ಹೊತ್ತು ತರೋಕೆ ಇದೇ ಬೇಕು. ಇನ್ನೊಂದು ಕೃಷ್ಣಾ ಕಣಿವೆ ತಳಿ: ದೊಡ್ಡ ಮೈ, ನಿಧಾನ ನಡಿಗೆ. ಹಸಿ ಎರೆಮಣ್ಣಿನಲ್ಲಿ ನೇಗಿಲು ಹೂತು ಎಳೆಯೋಕೆ ಅದರ ಮುಂದೆ ಇನ್ನೊಂದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಇದರ ಸಂಖ್ಯೆ ಇಳಿದು ಈಗ ಹುಡುಕಿದರೂ ಸಿಗೋದು ಕಷ್ಟ. ಎರಡೂ ಎತ್ತೇ, ಎರಡೂ ಎಳೆಯುತ್ತವೆ. ಆದರೆ ಬುದ್ಧಿ ಇದ್ದ ರೈತ ಶಕ್ತಿ ಒಂದನ್ನೇ ನೋಡ್ತಿರಲಿಲ್ಲ. ಯಾವ ನೆಲ, ಎಷ್ಟು ದೂರ, ಇಳಿಜಾರಿನಲ್ಲಿ ಹಿಂದಿನಿಂದ ಬಂಡಿ ದಬ್ಬಿದಾಗ ಈ ಎತ್ತು ತಡೆದು ನಿಲ್ಲುತ್ತಾ? ಏರಿನಲ್ಲಿ ಸೋತ ಎತ್ತು ನಿಂತುಬಿಡುತ್ತೆ, ಅಷ್ಟೇ ತಾನೇ. ಇಳಿತದಲ್ಲಿ ಸೋತರೆ ಬಂಡಿ, ಎತ್ತು, ಮನುಷ್ಯ ಎಲ್ಲ ಒಟ್ಟಿಗೆ ಹಳ್ಳಕ್ಕೆ.

ಸರಿ, ವಾಯ್ಸ್ ಮೆಸೇಜ್‌ನ ಪ್ರಶ್ನೆಗೆ ಬರೋಣ. ಲೆಕ್ಕ ಹಾಕಿ. ಒಂದು ದೊಡ್ಡ ಕುದುರೆ ನಾಲ್ಕುನೂರೈವತ್ತು, ಐದುನೂರು ಕಿಲೋ. ನಮ್ಮ ಶರ್ಯತ್ತಿನ ಕುದುರೆಗಳು ಇನ್ನೂ ಹಗುರ ಇರಬಹುದು, ಆದರೂ ಎರಡಕ್ಕೆ ಮುಕ್ಕಾಲು ಟನ್‌ನಿಂದ ಒಂದು ಟನ್ ಹಿಡ್ಕೊಳ್ಳಿ. ಎರಡು ಕುದುರೆಯ ಖಾಲಿ ಟ್ರೇಲರ್ ಒಂದು ಟನ್ ಆಸುಪಾಸು, ಗಟ್ಟಿಯಾಗಿ ಮಾಡಿಸಿದರೆ ಹೆಚ್ಚೇ. ಎಲ್ಲ ಸೇರಿ ಎರಡು ಟನ್. ಎರಡು ಟನ್ ಎಳೆಯೋಕೆ ಇವತ್ತಿನ ದೊಡ್ಡ ಡೀಸೆಲ್ ಎಸ್‌ಯುವಿಗಳಿಗೆ ಕಷ್ಟ ಇಲ್ಲ. ಅದಕ್ಕೇ ಜನ ಮೋಸ ಹೋಗೋದು, ಎಳೀತಲ್ಲ, ಆಯ್ತು ಬಿಡು ಅಂತ.

ಬ್ರಿಟನ್ನಿನ ಕಾನೂನು ನೋಡಿ. ಟ್ರೇಲರ್‌ಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಕಾರಿನಂಥ ಗಾಡಿಗಳು ಎಳೆಯಬಹುದಾದ ಗರಿಷ್ಠ ತೂಕ 750 ಕಿಲೋ. ಟ್ರೇಲರ್‌ಗೆ ಬ್ರೇಕ್ ಇದ್ದರೆ, ಲ್ಯಾಂಡ್ ರೋವರ್ ಡಿಫೆಂಡರ್‌ನಂಥ ಗಾಡಿಗೆ ಅದೇ ಮಿತಿ 3500 ಕಿಲೋ. ಎಂಜಿನ್ ಅದೇ, ಹುಕ್ ಅದೇ. ನಾಲ್ಕು ಪಟ್ಟಿಗೂ ಮೀರಿದ ವ್ಯತ್ಯಾಸ ಪೂರ್ತಿ ಬ್ರೇಕಿನದು.

ಅದರ ಮೇಲೆ ಕುದುರೆ ಜೀವ ಇರೋ ಭಾರ. ಸಿಮೆಂಟ್ ಚೀಲ ಇಟ್ಟಲ್ಲಿ ಇರುತ್ತೆ. ಕುದುರೆ ನಿಂತೇ ಪ್ರಯಾಣ ಮಾಡೋದು, ಭಾರ ಎತ್ತರದಲ್ಲಿ ಇರೋದು, ತಿರುವಿನಲ್ಲಿ ಕಾಲು ಅಗಲಿಸಿ ವಾಲೋದು. ಗಕ್ಕನೆ ಬ್ರೇಕ್ ಹೊಡೆದರೆ ಮುಗ್ಗರಿಸಿ ಎದೆ ಒಡ್ಡುತ್ತೆ. ಅಂದರೆ ಹಿಂದಿನ ಭಾರ ಓಡಾಡುವಾಗ ಮುಂದಿನ ಗಾಡಿ ಅಲ್ಲಾಡಬಾರದು. ಹಾಗಾಗಿ ನಾನು ಆರಿಸೋದು ಹೀಗೆ: ತುಂಬಿದ ಟ್ರೇಲರ್‌ಗಿಂತ ಗಾಡಿ ಹಗುರ ಇರಬಾರದು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಅಂತರ ಉದ್ದ ಇರಬೇಕು, ಗಿಡ್ಡ ಗಾಡಿಯನ್ನ ಟ್ರೇಲರ್ ಸುಲಭವಾಗಿ ತಿರುಚುತ್ತೆ. ಹುಕ್ ಚಾಸಿಗೆ ಕೂತಿರಬೇಕು, ಬಂಪರಿಗೆ ವೆಲ್ಡ್ ಮಾಡಿದ್ದು ಬೇಡವೇ ಬೇಡ. ಎಷ್ಟು ಎಳೆಯಬಹುದು ಅಂತ ಕಂಪನಿಯ ಕೈಪಿಡಿಯಲ್ಲಿ ಬರೆದಿರದ ಗಾಡಿಗೆ ಕುದುರೆ ಕಟ್ಟಬೇಡಿ. ಟ್ರೇಲರ್‌ಗೆ ಅದರದ್ದೇ ಬ್ರೇಕ್, ಅದರದ್ದೇ ನಂಬರ್, ಅದರದ್ದೇ ಇನ್ಶೂರೆನ್ಸ್. ಮೋಟಾರು ವಾಹನ ಕಾಯ್ದೆ ಟ್ರೇಲರ್ ಅನ್ನ ಪ್ರತ್ಯೇಕ ವಾಹನವಾಗೇ ನೋಡುತ್ತೆ.

ಒಂದೇ ಕುದುರೆ ಒಯ್ಯುವಾಗ ಅದನ್ನ ಡ್ರೈವರ್ ಕಡೆಗೆ, ಅಂದರೆ ಬಲಕ್ಕೆ ನಿಲ್ಲಿಸಿ. ನಮ್ಮ ರಸ್ತೆ ಎಡ ಅಂಚಿಗೆ ಇಳಿಜಾರು ಇರುತ್ತಲ್ಲ, ಭಾರವೂ ಆ ಕಡೆಗೇ ಆದರೆ ಟ್ರೇಲರ್ ವಾಲುತ್ತೆ.

ಮತ್ತೆ ಮನೆಯ ಟ್ರ್ಯಾಕ್ಟರ್? ಬೇಡ. ಸಾಮಾನ್ಯ ಟ್ರ್ಯಾಕ್ಟರ್‌ಗೆ ತೂಕ ಇದೆ, ವೇಗ ಕಡಿಮೆ, ಅದೆಲ್ಲ ಒಳ್ಳೇದೇ. ಆದರೆ ಅದರ ಬ್ರೇಕ್ ಹಿಂದಿನ ಎರಡು ಗಾಲಿಗೆ ಮಾತ್ರ. ಎಡಕ್ಕೊಂದು, ಬಲಕ್ಕೊಂದು ಪೆಡಲ್. ಹೊಲದಲ್ಲಿ ಗಕ್ಕನೆ ತಿರುಗಲಿ ಅಂತ ಹಾಗೆ ಮಾಡಿದ್ದು. ರಸ್ತೆಗೆ ಬಂದಾಗ ಎರಡನ್ನೂ ಸೇರಿಸಿ ಕೊಂಡಿ ಹಾಕಬೇಕು, ಎಷ್ಟು ಜನ ಹಾಕ್ತಾರೆ? ನಮ್ಮ ಊರಿನ ಟ್ರೇಲರ್‌ಗಳಿಗೆ ಬ್ರೇಕ್ ಇರೋದೇ ಅಪರೂಪ. ಅದರ ಕುಲುಕಾಟದಲ್ಲಿ ಇಳಕಲ್ಲಿನಿಂದ ಹೊರಟ ಕುದುರೆ ಶರ್ಯತ್ತಿನ ಊರು ಮುಟ್ಟೋ ಹೊತ್ತಿಗೆ ಅದರ ಕಾಲಲ್ಲಿ ಓಟ ಉಳಿದಿರಲ್ಲ.

ನಿಜ ಹೇಳಬೇಕು ಅಂದ್ರೆ ಭಾರತದಲ್ಲಿ ರೇಸ್ ಕುದುರೆಗಳು ಹೆಚ್ಚಾಗಿ ಟ್ರೇಲರ್‌ನಲ್ಲಿ ಹೋಗೋದಿಲ್ಲ, ಅದಕ್ಕೆಂದೇ ಕಟ್ಟಿಸಿದ ಲಾರಿಯಲ್ಲಿ ಹೋಗ್ತವೆ. ಎಳೆಯೋದು, ಹೊರೋದು ಎರಡೂ ಒಂದೇ ಚಾಸಿ, ಬ್ರೇಕೂ ಒಂದೇ. ತಿಂಗಳಿಗೊಮ್ಮೆ ಶರ್ಯತ್ತಿಗೆ ಹೋಗೋರಿಗೆ ಅಂಥ ಗಾಡಿ ಬಾಡಿಗೆಗೆ ಹಿಡಿಯೋದೇ ಲೇಸು ಅಂತ ನನ್ನ ಅಭಿಪ್ರಾಯ. ಟ್ರೇಲರ್ ಮಾಡಿಸೋ ಆಸೆ ಇರೋರಿಗೆ ಬೇಜಾರಾಗಬಹುದು, ಆಗಲಿ.

ಈಗ ಕಬ್ಬು. ಈ ಎಲ್ಲ ಲೆಕ್ಕ ಕುದುರೆಯಷ್ಟಕ್ಕೇ ಮುಗಿಯೋದಾಗಿದ್ದರೆ ಇಷ್ಟು ಹೊತ್ತು ಮಾತಾಡ್ತಾ ಇರಲಿಲ್ಲ. ಕಾರ್ಖಾನೆಗಳು ಕಬ್ಬು ನುರಿಸೋಕೆ ಶುರು ಮಾಡಿದ ಮೇಲೆ ಮುಧೋಳ, ಜಮಖಂಡಿ, ಬೀಳಗಿ ರಸ್ತೆಗಳಲ್ಲಿ ರಾತ್ರಿ ಬೈಕ್ ಓಡಿಸಿದ್ದೀರಾ? ಒಂದು ಎಂಜಿನ್, ಹಿಂದೆ ಎರಡು ಡಬ್ಬಿ. ಎರಡು ಟನ್ನಿನ ಆಸುಪಾಸಿನ ಟ್ರ್ಯಾಕ್ಟರ್, ಹಿಂದೆ ಅದರ ಹಲವು ಪಟ್ಟು ಭಾರ. ಏರಿನಲ್ಲಿ ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತೆ. ಆ ವಿಡಿಯೋಗಳಿಗೆ ಮೊಬೈಲ್‌ನಲ್ಲಿ ಲಕ್ಷಗಟ್ಟಲೆ ಲೈಕ್. ಗಾಲಿ ಎದ್ದಾಗ ಸ್ಟೇರಿಂಗ್ ಬರೀ ಅಲಂಕಾರ ಅನ್ನೋದು ಮಾತ್ರ ವಿಡಿಯೋದಲ್ಲಿ ಕಾಣಲ್ಲ. ಹಿಂದಿನ ಡಬ್ಬಿಗೆ ಲೈಟ್ ಇಲ್ಲ, ರಿಫ್ಲೆಕ್ಟರ್ ಕಬ್ಬಿನ ಗರಿಯಲ್ಲಿ ಮುಚ್ಚಿಹೋಗಿದೆ, ಪಂಕ್ಚರ್ ಆದರೆ ರಸ್ತೆ ಮೇಲೇ ಬಿಟ್ಟು ಹೋಗ್ತಾರೆ. ಕತ್ತಲಲ್ಲಿ ಬಂದು ಅದಕ್ಕೆ ಗುದ್ದೋದು ಸಾಮಾನ್ಯವಾಗಿ ನಿಮ್ಮ ವಯಸ್ಸಿನವರು, ಬೈಕ್ ಮೇಲೆ.

ಆ ಡ್ರೈವರ್‌ಗಳಿಗೆ ಕೈಚಳಕ ಇಲ್ಲ ಅಂತಲ್ಲ. ನಮ್ಮ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ ನೋಡಿರ್ತೀರಿ. ಹಿಂದೆ ಟ್ರೇಲರ್ ಕಟ್ಟಿಕೊಂಡು ಗೆರೆ ಹೊಡೆದ ಹಾಗೆ ನೆಟ್ಟಗೆ ಹಿಂದಕ್ಕೆ ಓಡಿಸ್ತಾರೆ. ಟ್ರೇಲರ್ ಹಿಂದಕ್ಕೆ ತಗೊಳ್ಳುವಾಗ ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಹೋಗುತ್ತೆ, ಎರಡು ಟ್ರೇಲರ್ ಅಂದರೆ ಲೆಕ್ಕ ಮತ್ತೆ ಉಲ್ಟಾ. ಜಗತ್ತಿನ ಯಾವ ಕುದುರೆ ಟ್ರೇಲರ್ ಕ್ಲಬ್ಬಿನವರೂ ಈ ಹುಡುಗರ ಮುಂದೆ ನಿಲ್ಲೋದಿಲ್ಲ, ಬೇಕಾದರೆ ಬಾಜಿ ಕಟ್ತೀನಿ. ಕೈಯಲ್ಲಿ ಅಷ್ಟು ವಿದ್ಯೆ ಇದ್ದವನಿಗೆ ಬ್ರೇಕ್ ಇಲ್ಲದ ಡಬ್ಬಿ ಕಟ್ಟಿ, ಟನ್ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ರಾತ್ರಿ ರಸ್ತೆಗೆ ಬಿಡ್ತೀವಿ. ಟನ್ ಲೆಕ್ಕ ಇರೋವರೆಗೂ ಅವನು ಹೆಚ್ಚು ಹೇರ್ತಾನೆ. ಸಾಳುವ ನರಸಿಂಹ ಕನಿಷ್ಠ ದಾರಿಯ ನಷ್ಟ ತನ್ನ ಮೇಲೆ ಹಾಕ್ಕೊಂಡಿದ್ದ. ಇಲ್ಲಿ ಆ ನಷ್ಟ ಡ್ರೈವರ್ ಮೇಲೆ, ಇಲ್ಲಾ ಎದುರು ಬಂದ ಬೈಕಿನವನ ಮೇಲೆ.

ಕೊನೆಯದಾಗಿ, ಕುದುರೆ ಸಾಗಿಸೋರಿಗೆ ಒಂದು ಕಾನೂನು ಹೇಳಿಬಿಡ್ತೀನಿ, ಬಹಳ ಜನರಿಗೆ ಗೊತ್ತಿಲ್ಲ. ಪ್ರಾಣಿಗಳ ಸಾಗಣೆ ನಿಯಮಗಳು, 1978 ಅಂತ ಇವೆ. ಅದರಲ್ಲಿ ಕುದುರೆಗೆ ಒಂದು ಅಧ್ಯಾಯವೇ ಇದೆ. ರಸ್ತೆಯಲ್ಲಿ ಒಯ್ಯೋ ಗಾಡಿಯ ನೆಲ ಜಾರಬಾರದು, ಎರಡು ಪ್ರಾಣಿಗಳ ನಡುವೆ ಬಿದಿರಿನ ಗಳ ಇರಬೇಕು, ಎದುರಿನ ವಾಹನ ನೋಡಿ ಬೆದರದ ಹಾಗೆ ಮುಖ ಎಡಕ್ಕಿರಬೇಕು, ಒಂದು ಗಾಡಿಯಲ್ಲಿ ನಾಲ್ಕರಿಂದ ಆರಕ್ಕಿಂತ ಹೆಚ್ಚು ಇರಬಾರದು. ವೇಗ ಗಂಟೆಗೆ 35 ಕಿಲೋಮೀಟರ್ ಮೀರಬಾರದು. ಅಂದರೆ ಇಳಕಲ್ಲಿನಿಂದ ಹೊರಟು, ಹುನಗುಂದ ದಾಟಿ ಬಾಗಲಕೋಟೆ ಮುಟ್ಟೋಕೆ ಹೆಚ್ಚುಕಡಿಮೆ ಎರಡು ತಾಸು. ಮುಂಜಾನೆ ಬಿಸಿಲು ಏರೋ ಮೊದಲೇ ಬಿಡಿ, ಹುನಗುಂದದಲ್ಲಿ ಒಮ್ಮೆ ನಿಲ್ಲಿಸಿ ನೀರು ಕುಡಿಸಿ, ಹುಕ್ಕಿನ ಕೊಂಡಿ ಮತ್ತು ಸರಪಳಿ ಕೈಯಲ್ಲಿ ಮುಟ್ಟಿ ನೋಡಿ.